ಸರ್ವೆ ನಂಬರ್ ೧೧೪ರ ಅಂತರಿಕ್ಷ ನಿಲ್ದಾಣ

ಶಿರಸಿಯ ಮರಾಠಿಕೊಪ್ಪದಲ್ಲಿ ನಿಂತು "ನಾಗಪತಿ ನಾಯ್ಕರ ಮನೆ ಯಾವುದು?" ಎಂದು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ಚಂದ್ರಲೋಕಕ್ಕೆ ಹೋಗಿಬರುವ ನಾಯ್ಕರು" ಎಂದರೆ ಮಾತ್ರ ಸಣ್ಣ ಮಕ್ಕಳೂ ಮುಂದೆ ಓಡಿ ಗೇಟು ತೆರೆದು ಕೊಡುತ್ತಿದ್ದರು. ಹಾಗೆ ನೋಡಿದರೆ ನಾಯ್ಕರು ಚಂದ್ರಲೋಕವಿರಲಿ, ಕುಮಟೆಗೆ ಹೋಗುವುದಕ್ಕೂ ಹೆದರುವವರು. ಘಟ್ಟದ ಮೂರನೇ ತಿರುವಿಗೇ ಅವರ ಕಿಸೆಯಲ್ಲಿಟ್ಟ ನಿಂಬೆಹಣ್ಣು ಮೂಗಿನ ಹತ್ತಿರ ಬರುತ್ತಿತ್ತು. ಆದರೆ ಪೆನ್ನು ಹಿಡಿದು ಕುರ್ಚಿಯಲ್ಲಿ ಕೂತರೆಂದರೆ ಶನಿಗ್ರಹದ ಬಳೆಗಳನ್ನೆಲ್ಲ ಸುತ್ತಿ, ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಸರಿಯಾಗಿ ವಾಪಸು ಬರುತ್ತಿದ್ದರು.

ಭೂಮಾಪನ ಕಚೇರಿಯಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು ಅವರು. ಶಾಲು ಹೊದೆಸಿಕೊಂಡು ಮನೆಗೆ ಬಂದ ಮರುದಿನ ಬೆಳಿಗ್ಗೆ ಹೆಂಡತಿ ಪರಿಮಳಕ್ಕನಿಗೆ, "ಭೂಮಿಯ ಕೆಲಸ ಮುಗೀತು. ಇನ್ನು ಆಕಾಶದ್ದು" ಎಂದರು. ಪರಿಮಳಕ್ಕ ದೋಸೆ ಸಟ್ಟುಗ ಕೆಳಗಿಟ್ಟು ಅವರ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮೂರು ತಿಂಗಳಿಗೆ 'ಜ್ಯೋತಿರ್ವರ್ಷ' ಎಂಬ ಪತ್ರಿಕೆ ಹುಟ್ಟಿತು. ವೈಜ್ಞಾನಿಕ ಕತೆಗಳಿಗೇ ಮೀಸಲಾದ ತ್ರೈಮಾಸಿಕ. ಸಂಪಾದಕರು ನಾಯ್ಕರು, ಪ್ರಕಾಶಕರು ನಾಯ್ಕರು, ಕರಡು ತಿದ್ದುವವರು ನಾಯ್ಕರು. ಮೈದಾಹಿಟ್ಟಿನ ಅಂಟು ಕಾಯಿಸಿ, ಪಟ್ಟಿ ಸುತ್ತಿ, ಚೀಟಿ ಹಚ್ಚುವ ವಿಭಾಗವೊಂದು ಇತ್ತು. ಅದಕ್ಕೆ ಹೆಸರಿರಲಿಲ್ಲ, ಅದು ಅಡುಗೆಮನೆಯಲ್ಲಿತ್ತು.

ಚಂದಾದಾರರು ನೂರಾ ನಲವತ್ತು. ಅವರಲ್ಲಿ ನೂರಾ ಮೂವತ್ತು ಮಂದಿ ತಾವಾಗಿ ಆದವರಲ್ಲ. ನಾಯ್ಕರು ಯಾವ ಮದುವೆಗೆ ಹೋದರೂ ಮುಯ್ಯಿಯ ಬದಲು 'ಜ್ಯೋತಿರ್ವರ್ಷ'ದ ಆಜೀವ ಚಂದಾ ಬರೆದು ವಧೂವರರ ಕೈಗೆ ಕೊಟ್ಟುಬಿಡುತ್ತಿದ್ದರು. ಸಿದ್ದಾಪುರ ಸೀಮೆಯ ನೆಂಟರು ಕರೆಯಲು ಬಂದಾಗ "ಆಶೀರ್ವಾದ ಒಂದೇ ಸಾಕು, ಭಾವ. ಮತ್ತೆಂತದೂ ತರೂದು ಬೇಡ" ಎಂದು ಹೊಸಿಲು ದಾಟುವವರೆಗೂ ಮೂರು ಸಲ ಹೇಳಿ ಹೋಗುತ್ತಿದ್ದರು. ನಾಯ್ಕರು ಅದನ್ನು ಅವರ ಸಂಕೋಚ ಎಂದು ತಿಳಿದು, ಗಂಡಿಗೊಂದು ಹೆಣ್ಣಿಗೊಂದು ಬೇರೆ ಬೇರೆ ಚಂದಾ ಬರೆದರು.

ಆರು ವರ್ಷ ಕಳೆಯಿತು. ಇಪ್ಪತ್ತನಾಲ್ಕು ಸಂಚಿಕೆ ಬಂತು. ಓದುಗರ ಪತ್ರ ಎಂದು ಬಂದದ್ದು ಮೂರು. ಒಂದರಲ್ಲಿ ವಿಳಾಸ ಬದಲಾವಣೆ ಇತ್ತು. ಇನ್ನೊಂದರಲ್ಲಿ "ದಯವಿಟ್ಟು ನಿಲ್ಲಿಸಿ" ಎಂದಿತ್ತು. ಮೂರನೆಯದು ಪಕ್ಕದ ಮನೆಗೆ ಹೋಗಬೇಕಾದದ್ದು.

ಪರಿಮಳಕ್ಕ ಬೈಯುವ ಹೆಂಗಸಲ್ಲ. ಒಂದು ದಿನ ಅಂಟಿನ ಕೈಯನ್ನು ಸೆರಗಿಗೆ ತಾಗದ ಹಾಗೆ ಎತ್ತಿ ಹಿಡಿದು ಮೆಲ್ಲಗೆ ಹೇಳಿದಳು: "ಓದುವವರು ಇದ್ರೆ ನಾ ಸಾಯೂವರೆಗೂ ಚೀಟಿ ಹಚ್ತೆ. ಆದ್ರೆ ಇದು ಯಾರ ಮನೆಗೆ ಹೋಗ್ತದೆ, ಹೋಗಿ ಎಂತ ಆಗ್ತದೆ ಅಂತ ಒಂದು ಸಲವೂ ಗೊತ್ತಾಗ್ಲಿಲ್ಲ ನೋಡಿ. ಇಪ್ಪತ್ತೈದನೇದು ಬೆಳ್ಳಿ ಸಂಚಿಕೆ ಅಂತ್ರಲ್ಲ? ಅದು ಓದಿ ಗುರುತಿಲ್ಲದ ಹತ್ತು ಜನ ಪತ್ರ ಬರೀಲಿ. ನೆಂಟರು ಲೆಕ್ಕಕ್ಕಿಲ್ಲ. ಬರ್ಲಿಲ್ಲ ಅಂದ್ರೆ ನಿಲ್ಲಿಸುವ."

ನಾಯ್ಕರು ಒಪ್ಪಿದರು. ಒಪ್ಪಿ, ಆ ದಿನ ಮಧ್ಯಾಹ್ನ ಊಟ ಮಾಡದೆ ಕಿಟಕಿಯ ಹತ್ತಿರ ಕೂತರು. ಹತ್ತು ಪತ್ರ! ಆಕಾಶದಿಂದ ಹತ್ತು ನಕ್ಷತ್ರ ಕಿತ್ತು ತರಲು ಹೇಳಿದ್ದರೆ ದಾರಿಯಾದರೂ ಗೊತ್ತಿರುತ್ತಿತ್ತು.

ಆಗ ಅವರೊಂದು ಸಾಹಸ ಮಾಡಿದರು. ಇಷ್ಟು ವರ್ಷ ಬೇರೆಯವರ ಕತೆ ತಿದ್ದಿದ ಸಂಪಾದಕರು ತಾವೇ ಒಂದು ಕತೆ ಬರೆದರು.

ಇಲ್ಲೊಂದು ತೊಡಕಿತ್ತು. ನಾಯ್ಕರಿಗೆ ಕಚೇರಿಯ ಕನ್ನಡ ಬಿಟ್ಟು ಬೇರೆ ಕನ್ನಡ ಬರೆಯಲು ಕೈ ಬಾಗುತ್ತಿರಲಿಲ್ಲ. ಮದುವೆಗೆ ಮೊದಲು ಪರಿಮಳಕ್ಕನಿಗೆ ಬರೆದ ಒಂದೇ ಒಂದು ಪತ್ರವೂ, "ಉಲ್ಲೇಖ: ತಮ್ಮ ತಂದೆಯವರ ಪತ್ರ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮನ್ನು ನೋಡಿ ಬಂದಾಗಿನಿಂದ ನಿದ್ರೆ ಬಾರದಿರುವ ಅಂಶವನ್ನು ತಮ್ಮ ಅವಗಾಹನೆಗೆ ತರಲಾಗಿದೆ" ಎಂದು ಶುರುವಾಗಿತ್ತು. ಆದ್ದರಿಂದ ಕತೆಯನ್ನೂ ಅವರು ಸರಕಾರಿ ಕಾಗದಗಳ ರೂಪದಲ್ಲೇ ಬರೆದರು. ಏಳನೇ ಪುಟದಲ್ಲಿ ಕತೆಯ ಹೆಸರು, ಲೇಖಕರ ಹೆಸರು, "ಇಸವಿ ೨೦೮೧" ಎಂಬ ಪೀಠಿಕೆ. ಎಂಟನೇ ಪುಟದಲ್ಲಿ ಒಂದು ಅಧಿಸೂಚನೆ. ಒಂಬತ್ತರಿಂದ ಮುಂದೆ ಕತೆಯ ನಿಜವಾದ ಹೂರಣ.

ಎಂಟನೇ ಪುಟ ಹೀಗಿತ್ತು: "ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಶಿರಸಿ ತಾಲೂಕು ಹುಲಗೋಳ ಗ್ರಾಮದ ಸರ್ವೆ ನಂಬರ್ ೧೧೪ರಲ್ಲಿ ಅಂತರಿಕ್ಷ ನಿಲ್ದಾಣ ಸ್ಥಾಪಿಸಲು ಉದ್ದೇಶಿಸಿದ್ದು, ಸದರಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಾಗುವುದು. ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು." ಕೆಳಗೆ 'ವಿಶೇಷಾಧಿಕಾರಿ, ಅಂತರಿಕ್ಷ ವಿಭಾಗ' ಎಂದು ಬರೆದು ವಿಳಾಸಕ್ಕೆ ಬಂದಾಗ ನಾಯ್ಕರ ಪೆನ್ನು ನಿಂತಿತು. ಇದ್ದ ಕಚೇರಿಯ ವಿಳಾಸ ಹಾಕಿದರೆ ಅಪರಾಧ. ಇಲ್ಲದ ವಿಳಾಸ ಹಾಕಿದರೆ ಅಧಿಸೂಚನೆ ಅಸಿಂಧು. ಎರಡಕ್ಕೂ ಹೆದರಿ ಅವರು ತಮ್ಮ ಮನೆಯ ವಿಳಾಸ ಹಾಕಿದರು. ನಂಬರ್ ೧೧೪ ಎಲ್ಲಿಂದ ಬಂತು ಎಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಸಾವಿರಾರು ನಂಬರು ಬರೆದ ಕೈ ತಾನಾಗಿ ಒಂದನ್ನು ಬರೆದಿತ್ತು.

ಅಚ್ಚು ಹಾಕುವವರು ಅಬ್ದುಲ್ ಗಫೂರ್. ಮದುವೆ ಕರೆಯೋಲೆಗಳ ನಡುವೆ ಬಿಡುವು ಸಿಕ್ಕಾಗ ಅವರು 'ಜ್ಯೋತಿರ್ವರ್ಷ' ಮುಗಿಸಿಕೊಡುತ್ತಿದ್ದರು. ಅಧಿಸೂಚನೆಯ ಕೆಳಗೆ ದುಂಡನೆಯ ಒಂದು ಮುದ್ರೆ ಇರಬೇಕೆಂದು ನಾಯ್ಕರು ಹಟ ಹಿಡಿದಿದ್ದರು. ಎಂಟನೇ ಪುಟ ಇನ್ನೂರು ಹಾಳೆ ಅಚ್ಚಾದ ಮೇಲೆ ನೋಡಿದರೆ ಮುದ್ರೆ ಓರೆಯಾಗಿ ಕೂತಿದೆ.

"ಇದು ಆಗ್ಲಿಕ್ಕಿಲ್ಲ ಗಫೂರ್ ಸಾಬ್ರೆ. ಓರೆ ಸೀಲು ಬಿದ್ದ ನೋಟೀಸು ಕಾನೂನಿನ ಎದುರು ನಿಲ್ಲೂದಿಲ್ಲ."

"ನಾಯ್ಕ್ರೆ, ಇದು ಕತೆ ಅಲ್ವಾ? ಇದನ್ನ ಯಾವ ಕೋರ್ಟಿಗೆ ಒಯ್ತೀರಿ?"

"ಕತೆ ಆದ್ರೂ ಶಿಸ್ತು ಬೇಡ್ವಾ ಮಾರಾಯ್ರೆ?"

ಗಫೂರ್ ನಿಟ್ಟುಸಿರು ಬಿಟ್ಟು ಆ ಪುಟವೊಂದನ್ನೇ ಮತ್ತೆ ಅಚ್ಚು ಹಾಕಿದರು. ಕೆಟ್ಟ ಹಾಳೆಗಳು ಎಂದಿನಂತೆ ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟಿದ್ದ ಅವರ ಅಳಿಯ ಸಲ್ಮಾನನಿಗೆ ಹೋದವು. ಪ್ರೆಸ್ಸಿನ ಕೆಟ್ಟ ಹಾಳೆಯಲ್ಲಿ ಖಾರಾ ಕಟ್ಟಿಕೊಡುವುದು ಆ ಬೇಕರಿಯ ಪದ್ಧತಿ. ಸಂತೆಯ ದಿನ ಹುಲಗೋಳದ ಕಡೆಯ ಬಸ್ಸು ಹತ್ತಿದವರೆಲ್ಲ ಖಾರದ ಪೊಟ್ಟಣ ಕಟ್ಟಿಸಿಕೊಂಡು ಹೋದರು. ಖಾರಾ ಖಾಲಿಯಾಯಿತು. ಹಾಳೆ ಉಳಿಯಿತು.

ಕತೆಯ ಹೆಸರಿಲ್ಲ, ಇಸವಿಯಿಲ್ಲ, ಪತ್ರಿಕೆಯ ಹೆಸರಿಲ್ಲ. ಏಳನೇ ಪುಟ ಅಚ್ಚಾಗಬೇಕಿದ್ದ ಹಿಂಬದಿ ಇನ್ನೂ ಖಾಲಿ. ಎಂಟನೇ ಪುಟ ಮಾತ್ರ, ಅದೂ ಎಣ್ಣೆಯ ಕಲೆಯೊಂದಿಗೆ. ಮುದ್ರೆ ನೆಟ್ಟಗೆ ಬಿದ್ದಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೋ ಏನೋ. ಓರೆಯಾಗಿದ್ದದ್ದರಿಂದ ಅದು ಅಸಲಿ ಸರಕಾರಿ ಕಾಗದ ಎಂದು ಎಲ್ಲರಿಗೂ ಖಾತ್ರಿಯಾಯಿತು. ಸಂಜೆಯೊಳಗೆ ಅದರ ಫೋಟೋ ಮೂರು ತಾಲೂಕಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡಿತು. ಯಾರೋ ತಾಲೂಕು ಕಚೇರಿಗೆ ಹೋಗಿ ವಿಚಾರಿಸಿದರು. "ಇದು ಇಲ್ಲಿಂದ ಹೋದದ್ದಲ್ಲ" ಎಂದರು ಅಲ್ಲಿಯವರು. ಇಲ್ಲಿಂದ ಹೋದದ್ದಲ್ಲ ಅಂದರೆ ಇನ್ನೂ ಮೇಲಿನಿಂದ ಬಂದದ್ದು ಎಂದು ಊರಿನವರು ನಡುಗಿದರು.

ಇತ್ತ ಬೆಳ್ಳಿ ಸಂಚಿಕೆ ಅಂಚೆಗೆ ಬಿದ್ದು ನಾಲ್ಕನೇ ದಿನ ಪೋಸ್ಟ್‌ಮ್ಯಾನ್ ಕಿಶೋರ ನಾಯ್ಕರ ಮನೆಯ ಗೇಟು ತೆರೆದು ಆರು ಪತ್ರ ಕೊಟ್ಟ. ನಾಯ್ಕರು ಕೈ ಒರೆಸಿಕೊಂಡು, ದೇವರ ಪ್ರಸಾದ ತೆಗೆದುಕೊಳ್ಳುವಂತೆ ಎರಡೂ ಕೈ ಚಾಚಿ ತೆಗೆದುಕೊಂಡರು. ಆರೂ ಗುರುತಿಲ್ಲದ ಹೆಸರು. ಮರುದಿನ ಹದಿನೇಳು. ಅದರ ಮರುದಿನ ಕಿಶೋರ ಚೀಲವನ್ನೇ ಜಗುಲಿಯ ಮೇಲೆ ಸುರಿದ.

"ಎಂತದ್ರೀ ನಾಯ್ಕ್ರೆ ಇದು? ನಿಮ್ಮನೇಲಿ ಮಂತ್ರಿಗಳು ಬಂದು ಉಳ್ಕಂಡಿದ್ರಾ?"

"ಓದುಗರಪ್ಪ, ಓದುಗರು!" ನಾಯ್ಕರು ಪತ್ರಗಳ ರಾಶಿಯ ಮುಂದೆ ಕೂತುಬಿಟ್ಟರು.

"ಎಲ್ಲ ರಿಜಿಸ್ಟರ್! ನೀವು ತಗಂಡ್ರಿ ಅನ್ನೂಕೆ ಸಹಿ ಬೇಕಂತೆ ಅವರಿಗೆ."

"ಬೇಡ್ವಾ ಮತ್ತೆ? ತನ್ನ ಪತ್ರ ಸಂಪಾದಕರಿಗೆ ಮುಟ್ಟಿತೋ ಇಲ್ವೋ ಅಂತ ಓದುಗನಿಗೆ ಎಷ್ಟು ಕಾಳಜಿ ನೋಡು!" ಎಂದು ನಾಯ್ಕರು ಎಂಬತ್ತಮೂರು ಕಡೆ ಸಹಿ ಹಾಕಿದರು.

ಪತ್ರಗಳನ್ನು ಓದುತ್ತ ಹೋದಂತೆ ಅವರಿಗೆ ಮೈಮೇಲಿನ ರೋಮ ಎದ್ದು ನಿಂತಿತು. ಇವರು ಬರೀ ಓದುಗರಲ್ಲ, ಲೇಖಕರು! ಕತೆಯನ್ನು ಮೆಚ್ಚಿ ಸುಮ್ಮನಾಗದೆ, ತಾವೂ ಅದರ ಪಾತ್ರಗಳಾಗಿ ಬರೆದಿದ್ದಾರೆ! ಹುಲಗೋಳದ ಒಬ್ಬರು, ರಾಕೆಟ್ಟಿನ ಸದ್ದಿಗೆ ಎಮ್ಮೆ ಹಾಲು ಇಳಿಸದಿದ್ದರೆ ಪರಿಹಾರ ಯಾರು ಕೊಡುವವರು ಎಂದು ಕೇಳಿದ್ದರು. ಸಿದ್ದಾಪುರದ ನಾಗರಿಕರು, ಬಂದದ್ದೆಲ್ಲ ಶಿರಸಿಗೇ ಹೋಗುತ್ತಿರುವುದನ್ನು ಉಗ್ರವಾಗಿ ಖಂಡಿಸಿ, ತಮಗೂ ಒಂದು ಉಪನಿಲ್ದಾಣ ಬೇಕೆಂದು ಒತ್ತಾಯಿಸಿದ್ದರು. ಯಲ್ಲಾಪುರದ ಉಮ್ಮಚಗಿಯವರು, ಹುಲಗೋಳದವರಿಗೆ ಬೇಡವಾದರೆ ತಮ್ಮಲ್ಲಿ ಜಾಗ ಇದೆ, ನೀರೂ ಚೆನ್ನಾಗಿದೆ ಎಂದು ತಿಳಿಸಿದ್ದರು. ಇನ್ನೊಬ್ಬರ ಪತ್ರ ಒಂದೇ ಸಾಲಿನದು: "ನಮ್ಮ ಅಜ್ಜನ ಕಾಲದಿಂದ ರೈಲು ಕೇಳುತ್ತಿದ್ದೇವೆ. ಮೊದಲು ರೈಲು, ಆಮೇಲೆ ರಾಕೆಟ್ಟು."

"ಪರಿಮಳಾ, ಕೇಳು! 'ಮೊದಲು ರೈಲು, ಆಮೇಲೆ ರಾಕೆಟ್ಟು.' ಒಂದೇ ಸಾಲಿನಲ್ಲಿ ಇಡೀ ನಾಗರಿಕತೆಯ ಚರಿತ್ರೆ! ಇಂಥವರೆಲ್ಲ ಇಷ್ಟು ದಿನ ಎಲ್ಲಿ ಅಡಗಿದ್ರು?"

ಪರಿಮಳಕ್ಕ ಬೆಂಡೆಕಾಯಿ ಹೆಚ್ಚುತ್ತ ಒಂದೆರಡು ಪತ್ರ ಓದಿದಳು. "ಇವರ ಅಕ್ಷರ ನೋಡಿದ್ರೆ ಕತೆ ಬರೆದವರ ಹಾಗೆ ಕಾಣೂದಿಲ್ಲ. ಸಿಟ್ಟು ಬಂದವರ ಹಾಗೆ ಕಾಣ್ತದೆ."

"ಅದೇ ಅವರ ಹೆಚ್ಚುಗಾರಿಕೆ!" ಎಂದರು ನಾಯ್ಕರು.

ಪರಿಮಳಕ್ಕ ಬೆಂಡೆಕಾಯಿ ಬದಿಗಿಟ್ಟಳು. ಹತ್ತು ಎಂದವಳು ತಾನೇ; ಇಲ್ಲಿ ವಾರದೊಳಗೆ ನೂರೆಂಬತ್ತು ಬಂದು ಬಿದ್ದಿದ್ದವು. ಎಷ್ಟೋ ವರ್ಷದ ಮೇಲೆ ಗಂಡನ ಮುಖ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು. ಅವಳು ಹೊಸ ಅಂಟು ಕಾಯಿಸಲು ಒಲೆ ಹಚ್ಚಿದಳು.

ನಾಯ್ಕರು ಒಬ್ಬೊಬ್ಬರಿಗೂ ಕೈಯಾರೆ ಉತ್ತರ ಬರೆದರು. "ತಮ್ಮ ಬರಹ ಸ್ವೀಕೃತವಾಗಿದೆ. ಪರಿಶೀಲನೆಯಲ್ಲಿದೆ. ವೈಜ್ಞಾನಿಕ ಅಂಶ ಕಡಿಮೆಯಿರುವುದರಿಂದ ಇನ್ನೆರಡು ಪುಟ ಬೆಳೆಸಿ ಮರುಸಲ್ಲಿಸಲು ಸೂಚಿಸಲಾಗಿದೆ." ಇಂಥ ಉತ್ತರ ಕೈಗೆ ಬಂದ ಮೇಲೆ ಅಷ್ಟಿಷ್ಟು ಅನುಮಾನ ಇದ್ದವರೂ ಗಂಭೀರರಾದರು. ಹುಲಗೋಳದಲ್ಲಿ ಅವತ್ತೇ ಹೋರಾಟ ಸಮಿತಿ ರಚನೆಯಾಯಿತು.

ಸಮಿತಿಯ ಅಧ್ಯಕ್ಷರು ಮಾಬ್ಲ ಹೆಗಡೆಯವರು. ಆ ಭಾಗದಲ್ಲಿ ಯಾವ ಸಮಿತಿ ಆದರೂ ಅಧ್ಯಕ್ಷರು ಅವರೇ. ಸಮಿತಿ ಮೊದಲು ಆಗುತ್ತಿತ್ತೋ ಅವರು ಅಧ್ಯಕ್ಷರಾಗುವುದು ಮೊದಲೋ ಹೇಳುವುದು ಕಷ್ಟ. ನಲವತ್ತು ವರ್ಷದಿಂದ ಅಧಿಕಾರಿಗಳನ್ನು ಎದುರಿಸಿ ಪಳಗಿದವರು. ಅವರು ನೇರವಾಗಿ ಮರಾಠಿಕೊಪ್ಪಕ್ಕೆ ಬಂದರು. ವಿಶೇಷಾಧಿಕಾರಿಗಳ ಕಚೇರಿಯ ಜಗುಲಿಯಲ್ಲಿ ಹಪ್ಪಳ ಒಣಗಿಸಿದ್ದನ್ನು ನೋಡಿ, ಗುಟ್ಟಿನ ಇಲಾಖೆ ಇದ್ದೀತು ಎಂದುಕೊಂಡು ಕೊಡೆಯನ್ನು ಗೋಡೆಗೆ ಒರಗಿಸಿದರು.

"ಸಾಹೇಬ್ರು ಇದ್ರಾ? ನಾನು ಹುಲಗೋಳದ ಮಾಬ್ಲ ಹೆಗಡೆ."

ನಾಯ್ಕರು ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡರು. "ಆರು ಪುಟ ಬರೆದ ಹೆಗಡೇರಾ? ಅದ್ಭುತ! ಎರಡು ಸಲ ಓದಿದೆ."

ಹೆಗಡೆಯವರು ತಡವರಿಸಿದರು. ಅವರ ಆಕ್ಷೇಪಣೆಯನ್ನು ಅಧಿಕಾರಿಯೊಬ್ಬರು ಒಂದು ಸಲ ಓದಿದ್ದೂ ಇತಿಹಾಸದಲ್ಲಿರಲಿಲ್ಲ. "ಅಲ್ಲ... ಓದಿದ್ರಾ?"

"ಓದದೆ! ಆದ್ರೆ ಒಂದು ದೂರು ಇದೆ. ರಾಕೆಟ್ಟಿನ ಗಾಳಿಗೆ ಜೇನುನೊಣ ದಿಕ್ಕು ತಪ್ತವೆ ಅಂತ ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ದಿಕ್ಕು ತಪ್ಪಿ ಎಲ್ಲಿಗೆ ಹೋದವು? ಮಂಗಳಗ್ರಹಕ್ಕೆ ಹೋದವಾ? ಅಲ್ಲಿ ಹೂವಿತ್ತಾ? ಓದುವವನಿಗೆ ಗೊತ್ತಾಗ್ಬೇಕಲ್ಲ?"

ಹೆಗಡೆಯವರು ಕುರ್ಚಿಯ ತುದಿಯಲ್ಲಿ ಕೂತರು. ಕಿಸೆಯಿಂದ ಚೀಟಿ ತೆಗೆದು 'ಜೇನು, ಎಲ್ಲಿಗೆ?' ಎಂದು ಗುರುತು ಹಾಕಿಕೊಂಡರು. ನಂತರ ಮುಖ್ಯ ವಿಷಯಕ್ಕೆ ಬಂದರು.

"ಇಷ್ಟು ಜನ ಬರೆದದ್ದನ್ನ ಎಂತ ಮಾಡ್ತ್ರಿ ಸಾಹೇಬ್ರೆ? ಕಪಾಟಿನಲ್ಲಿ ಇಟ್ಟು ಬೀಗ ಹಾಕೂದಲ್ವಾ?"

"ಛೆ ಛೆ, ಒಂದೊಂದನ್ನೂ ಪ್ರಕಟಿಸ್ತೇನೆ. ಬರೆದವರ ಹೆಸರು, ಫೋಟೋ ಸಮೇತ."

"ಫೋಟೋ!" ಹೆಗಡೆಯವರು ತಲೆಗೂದಲು ಸವರಿಕೊಂಡರು. ಇದು ಬೆದರಿಕೆಯೋ ಗೌರವವೋ ತಿಳಿಯಲಿಲ್ಲ. "ಕೊನೇದಾಗಿ ಒಂದು ಕೇಳ್ತೆ. ಇದನ್ನ ಕೈಬಿಡುವ ಯೋಚನೆ ಏನಾದ್ರೂ..."

ನಾಯ್ಕರ ಕಣ್ಣಲ್ಲಿ ನೀರು ತುಂಬಿತು. "ನಿಮ್ಮ ಹತ್ರ ಎಂತಕ್ಕೆ ಮುಚ್ಚಿಡ್ಲಿ? ಕೈಬಿಡುವವನಿದ್ದೆ. ಮನೆಯವಳ ಹತ್ರ ಮಾತೂ ಆಗಿತ್ತು. ನಿಮ್ಮ ಪತ್ರಗಳನ್ನ ನೋಡಿದ ಮೇಲೆ ಧೈರ್ಯ ಬಂತು. ಇನ್ನು ಇಪ್ಪತ್ತು ವರ್ಷ ನನ್ನನ್ನ ತಡೆಯುವವರಿಲ್ಲ!"

ಆಕ್ಷೇಪಣೆ ಬಂದಷ್ಟೂ ಧೈರ್ಯ ಹೆಚ್ಚುವ ಅಧಿಕಾರಿಯನ್ನು ಹೆಗಡೆಯವರು ಅದೇ ಮೊದಲು ನೋಡಿದ್ದು. ಪರಿಮಳಕ್ಕ ತಂದ ಬೆಲ್ಲದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. "ಹಂಗಾರೆ ಒಂದು ಸಲ ಊರಿಗೆ ಬನ್ನಿ. ಜನರ ಮುಖ ನೋಡಿ ಈ ಮಾತು ಹೇಳಿ. ಭಾನುವಾರ ಹತ್ತು ಗಂಟೆಗೆ, ಯುವಕ ಮಂಡಳದ ಕಟ್ಟಡದಲ್ಲಿ."

"ಓದುಗರ ಸಭೆ! ಬರ್ತೇನೆ. ಆದ್ರೆ ಸನ್ಮಾನ ಗಿನ್ಮಾನ ಬೇಡ, ಹೆಗಡೇರೆ."

"ಸನ್ಮಾನ ಆಗ್ತದೆ," ಎಂದರು ಹೆಗಡೆಯವರು ಕೊಡೆ ಎತ್ತಿಕೊಳ್ಳುತ್ತ. "ಹ್ಯಾಂಗೆ ಅಂತ ಅಲ್ಲೇ ನೋಡುವಿರಂತೆ."

ಭಾನುವಾರ ನಾಯ್ಕರು ಇಸ್ತ್ರಿಯ ಬಿಳಿ ಅಂಗಿ ಹಾಕಿ, ನಿವೃತ್ತಿಯ ಶಾಲು ಹೊದ್ದು, ಬೆಳ್ಳಿ ಸಂಚಿಕೆಯ ಒಂದು ಪ್ರತಿ ಕಂಕುಳಲ್ಲಿಟ್ಟು ಹೊರಟರು. ಪರಿಮಳಕ್ಕ ನಿಂಬೆಹಣ್ಣು ಹಿಡಿದು ಜೊತೆಗೆ ಹೊರಟಳು. ಗಫೂರ್ ತಮ್ಮ ಓಮ್ನಿಯಲ್ಲಿ ಕರೆದುಕೊಂಡು ಹೋದರು. ತಾವು ಅಚ್ಚು ಹಾಕಿದ್ದನ್ನು ಓದಿದವರ ಮುಖ ನೋಡುವ ಆಸೆ ಅವರಿಗೂ ಇತ್ತು.

ಕಟ್ಟಡದ ಎದುರು ಮುನ್ನೂರು ಜನ. ಮೇಲೆ ಬಟ್ಟೆಯ ಬ್ಯಾನರ್: 'ಅಂತರಿಕ್ಷ ನಿಲ್ದಾಣ ವಿರೋಧಿ ಹೋರಾಟ ಸಮಿತಿ'. ಅದರ ಪಕ್ಕದಲ್ಲಿ ಉಮ್ಮಚಗಿಯವರು ಬೇರೆಯೇ ಬ್ಯಾನರ್ ಹಿಡಿದು ನಿಂತಿದ್ದರು: 'ಅಂತರಿಕ್ಷ ನಿಲ್ದಾಣ ಸ್ವಾಗತ ಸಮಿತಿ'. ಎರಡೂ ಸಮಿತಿಯವರು ಕಾರಿನ ಎದುರು ಕೂಗತೊಡಗಿದರು.

ನಾಯ್ಕರು ಕಾರಿನಿಂದ ಇಳಿದು ಶಾಲು ಸರಿಮಾಡಿಕೊಂಡು ಬೆರಗಾಗಿ ನಿಂತರು. "ಪರಿಮಳಾ, ಕತೆಯನ್ನ ಎಷ್ಟು ಮೈಮೇಲೆ ಎಳಕೊಂಡಿದ್ದಾರೆ ನೋಡು! ಪರ ಒಂದು ಪಂಗಡ, ವಿರೋಧ ಒಂದು ಪಂಗಡ! ಜಗತ್ತಿನ ಯಾವ ಸಂಪಾದಕನಿಗೆ ಇಂಥ ಓದುಗರು ಸಿಕ್ಕಿದ್ರು?"

"ನಾಯ್ಕ್ರೆ," ಎಂದರು ಗಫೂರ್ ಸಣ್ಣ ದನಿಯಲ್ಲಿ. ಅವರ ಕಣ್ಣು ಯಾರದೋ ಕೈಯಲ್ಲಿದ್ದ ಎಣ್ಣೆ ಹತ್ತಿದ ಹಾಳೆಯ ಮೇಲಿತ್ತು. "ಅದು ನಮ್ಮ ಪುಸ್ತಕ ಅಲ್ಲ. ನಮ್ಮ ಕೆಟ್ಟ ಹಾಳೆ. ಓರೆ ಸೀಲಿಂದು. ಸಲ್ಮಾನ್ ಖಾರಾ ಕಟ್ಟಿದ್ದು."

ನಾಯ್ಕರಿ​ಗೆ ಅದು ಕೇಳಿಸಲಿಲ್ಲ. ಆಗಲೇ ಅವರನ್ನು ಒಳಗೆ ಕರೆದೊಯ್ದು, ಬೆನ್ನಿಗೆ ಟವೆಲು ಹೊದೆಸಿದ ಕುರ್ಚಿಯಲ್ಲಿ ಕೂರಿಸಿಯಾಗಿತ್ತು. ಹೆಗಡೆಯವರು ಮೈಕು ಹಿಡಿದು, "ಸಾಹೇಬ್ರು ನಮ್ಮ ಎದುರಿಗೇ ಬಂದಿದ್ದಾರೆ. ಮೊದಲು ಯಾರ ಜಮೀನು ಹೋಗ್ತದೋ ಅವರ ಮಾತು ಆಗ್ಲಿ. ಸುಬ್ಬಿ, ನೀ ಬಾರೆ ಮುಂದೆ" ಎಂದು ಕರೆದರು.

ಎಂಬತ್ತರ ಹತ್ತಿರದ ಮುದುಕಿಯೊಬ್ಬಳು ಮೊಮ್ಮಗಳು ಪ್ರತಿಭಾಳ ಭುಜ ಹಿಡಿದು ಬಂದಳು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಂದಿತ್ತು. ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ಇನ್ನೊಂದು ಕೊಟ್ಟೆ, ಅದರೊಳಗೆ ಮಡಿಕೆಗಳಲ್ಲಿ ಹರಿಯತೊಡಗಿದ ಒಂದು ಹಳದಿ ಕಾಗದ. ಅದನ್ನು ಮಗುವನ್ನು ಮಲಗಿಸುವ ಹಾಗೆ ನಾಯ್ಕರ ತೊಡೆಯ ಮೇಲೆ ಇಟ್ಟಳು.

"ನಂಗೆ ಓದೂಕೆ ಬರೂದಿಲ್ಲ ಸಾಹೇಬ್ರೆ. ಗೇಣಿ ಮಾಡ್ತಿದ್ದ ಜಾಗ ನಮ್ಮ ಹೆಸರಿಗೆ ಆದ ಕಾಗದ ಇದು. ನಮ್ಮನೆಯವರು ಇದನ್ನ ಹಿಡ್ಕಂಡು ಬಂದ ದಿನ ಮನೇಲಿ ಪಾಯಸ ಮಾಡಿದ್ದೆ. ಅವರಿಲ್ಲ ಈಗ. ನೀವು ಮೇಲೆ ಎಂತ ಬೇಕಾದ್ರೂ ಹಾರ್ಸಿ, ನಾ ಬೇಡ ಅನ್ನೂದಿಲ್ಲ. ಕೆಳಗಿನ ಜಾಗ ಒಂದು ಬಿಡಿ."

ನಾಯ್ಕರು ಕಾಗದ ನೋಡಿದರು. ಸರ್ವೆ ನಂಬರ್ ೧೧೪. ಕೋರಿಕೆದಾರ: ಕೆರಿಯ, ಸುಬ್ಬಿಯ ಗಂಡ. ಅದರ ಕೆಳಗೆ ನಕಲು ಬರೆದವರ ಸಣ್ಣ ಸಹಿ. ನೌಕರಿಗೆ ಸೇರಿದ ಮೊದಲ ವಾರ, ಇಪ್ಪತ್ತಮೂರರ ಹುಡುಗನಾಗಿದ್ದಾಗ, ಅಕ್ಷರ ಕೆಡದಂತೆ ಉಸಿರು ಹಿಡಿದು ತಾವೇ ಬರೆದ ಮೊದಲ ನಕಲು ಅದು. ಕೈ ಮರೆತಿರಲಿಲ್ಲ, ನಾಯ್ಕರು ಮರೆತಿದ್ದರು.

ಅವರು ತಲೆಯೆತ್ತಿದರು. ಸುತ್ತಲಿನ ಮುಖಗಳಲ್ಲಿ ಒಂದರಲ್ಲೂ ಆಟವಿರಲಿಲ್ಲ. ನೂರೆಂಬತ್ತು ಪತ್ರಗಳು ಅವರೊಳಗೆ ಒಂದೊಂದಾಗಿ ಆರಿಹೋದವು.

ಎದ್ದು ಬಾಗಿಲ ಕಡೆ ಓಡಿದರೆ ಓಮ್ನಿ ಹತ್ತು ಹೆಜ್ಜೆ ದೂರದಲ್ಲಿತ್ತು. "ಯೋಜನೆ ರದ್ದಾಗಿದೆ" ಎಂದು ಒಂದು ಸುಳ್ಳು ಹೇಳಿದ್ದರೆ ಜನ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ನಾಯ್ಕರು ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಸುಬ್ಬಿಯ ಕಾಗದವನ್ನು ಅದರ ಮಡಿಕೆಗಳಲ್ಲೇ ಮಡಿಸಿ ವಾಪಸು ಕೊಟ್ಟರು.

"ನಿಮ್ಮ ಜಾಗವನ್ನ ಯಾರೂ ಕೇಳಿಲ್ಲ ಅಮ್ಮಾ. ನಾನು ಸಾಹೇಬನಲ್ಲ. ಕತೆಯ ಪುಸ್ತಕ ಮಾಡುವವ. ಅದು ನಾ ಬರೆದ ಕತೆಯ ಎಂಟನೇ ಪುಟ. ಒಂದು ಹುಡುಗಾಟದ ಕತೆಗೆ ನಿಮ್ಮ ನಿದ್ದೆ ಹಾಳು ಮಾಡಿದೆ. ತಪ್ಪಾಯ್ತು. ಪುಸ್ತಕವನ್ನ ಇವತ್ತಿಗೇ ನಿಲ್ಲಿಸ್ತೇನೆ."

ಹಾಲು ಉಕ್ಕುವ ಮೊದಲು ಒಂದು ಕ್ಷಣ ಪಾತ್ರೆ ಸುಮ್ಮನಿರುತ್ತದಲ್ಲ, ಹಾಗೆ ಸಭೆ ಸುಮ್ಮನಿತ್ತು. ಆಮೇಲೆ ಉಕ್ಕಿತು.

"ಕತೆಯಾ?" ಹೆಗಡೆಯವರ ಕೈಯ ಮೈಕು ಕಿರುಚಿತು. ಸಿಟ್ಟಿನಲ್ಲಿ ಅವರ ಮನೆಯ ಹವ್ಯಕ ಮಾತೇ ಹೊರಬಿತ್ತು. "ಆನು ಮೂರು ದಿನದಿಂದ ಜೇನುನೊಣದ ಶಾಸ್ತ್ರ ಓದ್ತಾ ಇದ್ದಿ! ರಾಜಧಾನಿಗೆ ಹೋಪಲೆ ಬಸ್ಸು ಗೊತ್ತು ಮಾಡಾತು!"

"ಹಾಗಾದ್ರೆ ನಮಗೆ ಕೊಡೂದಿಲ್ವಾ?" ಎಂದು ಉಮ್ಮಚಗಿಯವರು ಬ್ಯಾನರ್ ಕೆಳಗಿಳಿಸಿದರು. ಬೇಡವೆಂದವರ ಸಮಾಧಾನಕ್ಕಿಂತ ಬೇಕೆಂದವರ ದುಃಖವೇ ಹೆಚ್ಚಾಗಿತ್ತು. ಹಿಂದಿನ ಸಾಲಿನಿಂದ "ಹಿಡ್ಕಳಿ ಅವರನ್ನ!" ಎಂದು ಯಾರೋ ಕೂಗಿದರು. ಗಫೂರ್ ಕಾರಿನ ಕೀಲಿ ಕೈಗೆ ತೆಗೆದುಕೊಂಡರು.

ಸುಬ್ಬಿ ಮಾತ್ರ ಕದಲಿರಲಿಲ್ಲ. ಕಾಗದವನ್ನು ಕೊಟ್ಟೆಗೆ, ಕೊಟ್ಟೆಯನ್ನು ಬಟ್ಟೆಗೆ ಸೇರಿಸಿ ಮುಗಿಸಿ, ನಾಯ್ಕರ ಕಂಕುಳಲ್ಲಿದ್ದ ಪುಸ್ತಕದ ಕಡೆ ಬೆರಳು ತೋರಿಸಿದಳು.

"ಎಂಟನೇ ಪುಟಕ್ಕೆ ನನ್ನ ಜಾಗ ತಗಂಡ್ರಿ. ಒಂಬತ್ತನೇದಕ್ಕೆ ಎಂತ ಮಾಡಿದ್ರಿ?"

"ಹಾಂ?"

"ಇಪ್ಪತ್ತು ದಿನ ಊಟ ಸೇರ್ಲಿಲ್ಲ ನಂಗೆ. ಆ ಜಾಗದಲ್ಲಿ ಎಂತ ಆಯ್ತು ಅಂತ ಕೇಳ್ದೆ ನಾ ಮನೆಗೆ ಹೋಗೂದಾ? ಓದಿ."

ಮುನ್ನೂರು ಜನಕ್ಕೂ ಅದು ಸರಿಯೆನಿಸಿತು. ಬಂದದ್ದಂತೂ ಬಂದಾಗಿದೆ. ಹಿಡಿಯಬೇಕೆಂದವನೇ ಮೊದಲು ಕೂತ. ನಾಯ್ಕರು ಒಂಬತ್ತನೇ ಪುಟ ತೆರೆದರು. ಕತೆಯನ್ನು ಓದಿ ಎಂದು ಈವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ.

ಅದು ೨೦೮೧ರ ಒಬ್ಬ ಸರ್ವೆಯರನ ವರದಿ. ಹುಲಗೋಳದ ನಿಲ್ದಾಣದಿಂದ ವಾಹನ ಹತ್ತಿ, ಇಡೀ ಭೂಮಿಯ ಮೋಜಣಿ ಮಾಡಿ ಬರಲು ಅವನನ್ನು ಕಳಿಸಿದ್ದಾರೆ. ನಾಯ್ಕರು ಕಚೇರಿಯ ದನಿಯಲ್ಲೇ ಓದಿದರು. ಅವರಿಗೆ ಇದ್ದದ್ದು ಅದೊಂದೇ ದನಿ. "ಸದರಿ ವಾಹನವು ಬೆಳಿಗ್ಗೆ ಆರು ನಲವತ್ತಕ್ಕೆ ಹೊರಟಿತು. ಮೊದಲು ಊರು ಕಂಡಿತು. ನಂತರ ಜಿಲ್ಲೆ ಕಂಡಿತು. ನಂತರ ಜಿಲ್ಲೆಯೆಂದು ಗುರುತಿಸಲು ಆಗಲಿಲ್ಲ. ಜಾಗದ ನಾಲ್ಕು ದಿಕ್ಕಿನ ಗಡಿ ಈ ಕೆಳಗಿನಂತಿರುತ್ತದೆ."

ನಾಲ್ಕು ದಿಕ್ಕಿನ ಗಡಿ ಎಂಬ ಮಾತು ಅಲ್ಲಿ ಕೂತ ಯಾರಿಗೂ ಹೊಸದಲ್ಲ. ಓದಲು ಬಾರದವರಿಗೂ ತಮ್ಮ ಜಾಗದ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂಬುದು ಬಾಯಿಪಾಠ. ಅದಕ್ಕಾಗಿ ಜಗಳವಾಡಿದವರು, ಮಾತು ಬಿಟ್ಟವರು ಅಲ್ಲೇ ಅಕ್ಕಪಕ್ಕ ಕೂತಿದ್ದರು.

"ಪೂರ್ವಕ್ಕೆ: ಆಕಾಶ. ಪಶ್ಚಿಮಕ್ಕೆ: ಆಕಾಶ. ಉತ್ತರಕ್ಕೆ: ಆಕಾಶ. ದಕ್ಷಿಣಕ್ಕೆ: ಆಕಾಶ. ಮಧ್ಯದಲ್ಲಿ ನೀಲಿ ಬಣ್ಣದ ದುಂಡನೆಯ ಒಂದು ಜಾಗ ಇರುತ್ತದೆ. ಜಾಗವು ತಿರುಗುತ್ತಲಿದೆ. ಸುತ್ತಲೂ ಪರಿಶೀಲಿಸಲಾಗಿ, ಗಡಿಕಲ್ಲು ಎಲ್ಲಿಯೂ ಕಂಡುಬರಲಿಲ್ಲ. ತಕರಾರು ಹೇಳಲು ಅಕ್ಕಪಕ್ಕದವರು ಯಾರೂ ಹಾಜರಿರಲಿಲ್ಲ."

ನಾಯ್ಕರು ಪುಸ್ತಕ ಮುಚ್ಚಿದರು. ಮಾಬ್ಲ ಹೆಗಡೆಯವರು ಮೈಕನ್ನು ಎದೆಗೊತ್ತಿಕೊಂಡು ಮಾಡಿನ ಕಡೆ ನೋಡುತ್ತಿದ್ದರು, ಹಂಚುಗಳ ಆಚೆಗೆ ಏನೋ ಇದೆ ಎಂಬಂತೆ. ಗಫೂರರ ಕೈಯಲ್ಲಿದ್ದ ಕೀಲಿ ಯಾವಾಗಲೋ ಕಿಸೆಗೆ ಹೋಗಿತ್ತು. ಗೋಡೆಗೆ ಒರಗಿದ್ದ ಪರಿಮಳಕ್ಕ ಸೆರಗಿನ ತುದಿಯಲ್ಲಿ ಕಣ್ಣೊತ್ತಿಕೊಂಡಳು. ಇಪ್ಪತ್ತೈದು ಸಂಚಿಕೆಗೆ ಪಟ್ಟಿ ಸುತ್ತಿದವಳು, ಒಳಗೆ ಏನಿದೆಯೆಂದು ಅವಳು ಕೇಳಿದ್ದೂ ಅದೇ ಮೊದಲು.

"ಅಷ್ಟು ದೊಡ್ಡ ಜಾಗ," ಎಂದಳು ಸುಬ್ಬಿ. "ಒಂದು ಗಡಿಕಲ್ಲೂ ಇಲ್ವಾ?"

"ಇಲ್ಲ ಅಮ್ಮಾ."

"ಹಂಗಾರೆ ಅದು ಯಾರ ಹೆಸರಲ್ಲಿ ಇದೆ?"

ನಾಯ್ಕರು ಪುಸ್ತಕವನ್ನು ಮತ್ತೆ ತೆರೆದು ಕೊನೆಯ ಸಾಲು ನೋಡಿದರು. ಮೂವತ್ತಾರು ವರ್ಷ ಈ ಒಂದೇ ಪ್ರಶ್ನೆಗೆ ದಿನವೂ ಉತ್ತರ ಬರೆದವರು ಅವರು. "ಅದು... ಅದನ್ನ ನಾ ಬರೆದಿಲ್ಲ. ಗೊತ್ತಿಲ್ಲ ನನಗೆ."

"ಗೊತ್ತಿಲ್ದಿದ್ರೆ ಗೊತ್ತು ಮಾಡ್ಕಂಡು ಬರೀರಿ. ಪುಸ್ತಕ ನಿಲ್ಸೂದು ಅಂತೆ! ಯಾರ ಹೆಸರು ಅಂತ ಕೇಳ್ದೆ ನಾ ಸಾಯೂದಿಲ್ಲ ನೋಡಿ. ಪ್ರತಿಭಾ ಓದಿ ಹೇಳ್ತದೆ. ನಮ್ಮನೆಗೆ ಕಳ್ಸಿ."

ನಾಯ್ಕರು ತಿರುಗಿ ಹೆಂಡತಿಯನ್ನು ನೋಡಿದರು. ಪರಿಮಳಕ್ಕ ಆಗಲೇ ಜನರ ನಡುವೆ ದಾರಿ ಮಾಡಿಕೊಂಡು ಬಂದಿದ್ದಳು. ಗಂಡನ ಕಿಸೆಯಿಂದ ಪೆನ್ನು ಕಿತ್ತುಕೊಂಡು, ಕೈಗೆ ಸಿಕ್ಕಿದ ಹಾಳೆಯೊಂದನ್ನು ಮಗುಚಿ ಕುರ್ಚಿಯ ಮೇಲಿಟ್ಟು, ಮೊಣಕಾಲೂರಿ ಕೂತಳು.

"ಹೆಸರು ಹೇಳಿ ಅಜ್ಜೀ. ವಿಳಾಸ ಸರಿಯಾಗಿ ಹೇಳಿ, ಚೀಟಿ ಹಚ್ಚುವವಳು ನಾನು."

"ಸುಬ್ಬಿ," ಎಂದಳು ಮುದುಕಿ ಬೆನ್ನು ನೆಟ್ಟಗೆ ಮಾಡಿ. ಅವಳ ಹಿಂದೆ ಹೆಗಡೆಯವರು ಬಂದು ನಿಂತರು, ಅವರ ಹಿಂದೆ ಉಮ್ಮಚಗಿಯವರು. "ಹುಲಗೋಳ. ಪೂರ್ವಕ್ಕೆ ಹಳ್ಳ. ಪಶ್ಚಿಮಕ್ಕೆ ರಸ್ತೆ. ಉತ್ತರಕ್ಕೆ ಹೊನ್ನನ ಗದ್ದೆ. ದಕ್ಷಿಣಕ್ಕೆ ಬೆಟ್ಟ."

ಪರಿಮಳಕ್ಕ ನಾಲ್ಕು ದಿಕ್ಕನ್ನೂ ಒಂದೂ ಬಿಡದೆ ಬರೆದುಕೊಂಡಳು.